ನನ್ನ ಕಣ್ಣಿಗೆ ಮಂಜೂರಾದ ಸೈಟು

ಈ ದೇಶದ ಕಾನೂನು ನನ್ನ ಕಣ್ಣಿಗೊಂದು ಸೈಟು ಮಂಜೂರು ಮಾಡಿದೆ. ನಿಮ್ಮ ಕಣ್ಣಿಗೂ ಮಾಡಿದೆ, ಹೊಟ್ಟೆಕಿಚ್ಚು ಬೇಡ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 106ನೆಯದನ್ನು ತೆಗೆದು ನೋಡಿ. ಗಾಡಿಯ ದೀಪದಿಂದ 8 ಮೀಟರ್ ಮುಂದೆ, ಗಾಡಿಯ ಬಲಕ್ಕೆ ಅರ್ಧ ಮೀಟರ್ ಆಚೆ, ನೆಲದಿಂದ ಒಂದೂವರೆ ಮೀಟರ್ ಮೇಲೆ. ಅಲ್ಲಿ ಯಾರದೇ ಕಣ್ಣಿದ್ದರೂ ಬೆಳಕು ಅದನ್ನು ಕುಕ್ಕಬಾರದು. ಚಕ್ಕುಬಂದಿ ಸಮೇತ ಬರೆದುಕೊಟ್ಟಿದ್ದಾರೆ.

ಒಂದೇ ತೊಂದರೆ. ಸೈಟು ಒತ್ತುವರಿಯಾಗಿದೆ.

ರಾತ್ರಿ ಎಂಟರ ಮೇಲೆ ಸ್ಕೂಟರ್ ಹತ್ತಿ ತಿಪಟೂರು ರಸ್ತೆಗೆ ಇಳಿದರೆ ಎದುರಿಗೆ ಬರುವುದು ಕಾರಲ್ಲ, ಸೂರ್ಯೋದಯ. ಅದೂ ಎರಡು ನಿಮಿಷಕ್ಕೊಂದು. ನಾನು ಡಿಮ್ ಡಿಪ್ ಮಾಡಿ ಬೇಡಿಕೊಳ್ಳುತ್ತೇನೆ. ನನ್ನ ಬೇಡಿಕೆಗೆ ಕರಗಿ ಆತ ಬಂಪರ್ ಮೇಲಿನ ಇನ್ನೆರಡು ಲೈಟನ್ನೂ ಹಾಕುತ್ತಾನೆ. ಆಮೇಲಿನ ನಾಲ್ಕೈದು ಸೆಕೆಂಡು ನಾನು ಗಾಡಿ ಓಡಿಸುವುದು ಮನೆದೇವರ ಮೇಲೆ ಭಾರ ಹಾಕಿ.

ಹಿಂದೆ ದೀಪಕ್ಕೇ ಬಡತನವಿತ್ತು. ಮೊದಮೊದಲ ಕಾರುಗಳಿಗೆ ಎಣ್ಣೆ ದೀಪ, ಆಮೇಲೆ ಕಾರ್ಬೈಡ್ ದೀಪ. ಕಾರ್ಬೈಡ್ ಮೇಲೆ ನೀರು ತೊಟ್ಟಿಕ್ಕಿ ಗ್ಯಾಸ್ ಏಳಬೇಕು, ಅದಕ್ಕೆ ಬೆಂಕಿ ತಾಗಿಸಬೇಕು. 1912ರಲ್ಲಿ ಕ್ಯಾಡಿಲಾಕ್ ಕಾರಿಗೆ ಸ್ಟಾರ್ಟರೂ ಕರೆಂಟ್ ದೀಪವೂ ಒಟ್ಟಿಗೇ ಬಂದವು. ಬೆಳಕು ಜಾಸ್ತಿಯಾದಂತೆ ಎದುರಿನವನ ಕಣ್ಣಿನ ಪ್ರಶ್ನೆ ಎದ್ದಿತು. 1924ರಲ್ಲಿ ಓಸ್ರಾಮ್ ಕಂಪನಿ ‘ಬಿಲಕ್ಸ್’ ಅನ್ನುವ ಬಲ್ಬು ತಂದಿತು. ಒಂದೇ ಬುರುಡೆಯೊಳಗೆ ಎರಡು ತಂತಿ. ಒಂದು ದೂರ ನೋಡೋದಕ್ಕೆ. ಇನ್ನೊಂದು, ಎದುರಿಗೆ ಯಾರೋ ಬರ್ತಿದ್ದಾರಲ್ಲ, ಹೆಸರು ಕುಲ ಗೊತ್ತಿಲ್ಲದವರು, ಅವರಿಗೋಸ್ಕರ! ನಮ್ಮ ಹಳೇ ಅಂಬಾಸಿಡರ್‌ನಲ್ಲಿ ಇದರ ಸ್ವಿಚ್ಚು ನೆಲದ ಮೇಲಿತ್ತು. ಡ್ರೈವರ್ ಎಡಗಾಲಲ್ಲಿ ಕಟಕ್ ಅನ್ನಿಸುತ್ತಿದ್ದ. ಈಗ ಅದು ಸ್ಟೇರಿಂಗ್ ಪಕ್ಕಕ್ಕೇ ಬಂದಿದೆ. ಆದರೆ ಆಗ ಎಡಗಾಲಿಗಿದ್ದ ಮರ್ಯಾದೆ ಈಗ ಬೆರಳಿಗಿಲ್ಲ.

ನಮ್ಮ ಬೀದಿಯ ಯಜಮಾನರೊಬ್ಬರು ತಮ್ಮ ಎಸ್‌ಯುವಿಯ ಬಲ್ಬು ಬದಲಾಯಿಸಿದ ದಿನವೇ ನನ್ನನ್ನು ಕರೆದು ತೋರಿಸಿದರು.

“ಕಂಪನಿ ಲೈಟು ಸಾಲಲ್ಲ ಸಾರ್. ಎಲ್‌ಇಡಿ ಹಾಕಿಸ್ದೆ. ಹಗಲಾದಂಗೆ ಕಾಣುತ್ತೆ.”

“ಎದುರಿನವರಿಗೆ?”

“ಅವರಿಗೂ ಕಾಣುತ್ತೆ ಸಾರ್. ನಾನು ಬರ್ತಿರೋದು.”

ಅವರು ಕಿತ್ತೆಸೆದ ಎಚ್4 ಬಲ್ಬನ್ನು, ಅದೂ ಎರಡು ತಂತಿಯ ಜಾತಿಯದೇ, ನಾನು ಎತ್ತಿಕೊಂಡು ನೋಡಿದೆ. ಡಿಪ್ ತಂತಿಯ, ಅಂದರೆ ಎದುರಿನವರಿಗೋಸ್ಕರ ಬೆಳಕು ತಗ್ಗಿಸುವ ತಂತಿಯ, ಕೆಳಗೆ ಚಮಚದಂಥ ಪುಟ್ಟ ತಗಡು. ಕೆಳಕ್ಕೆ ಹೋಗುವ ಬೆಳಕನ್ನು ಅದು ಅಲ್ಲೇ ತಡೆಯುತ್ತದೆ. ತಡೆಯದಿದ್ದರೆ ಆ ಬೆಳಕು ರಿಫ್ಲೆಕ್ಟರ್‌ಗೆ ಬಡಿದು ಮೇಲಕ್ಕೆ, ಅಂದರೆ ನೇರವಾಗಿ ನನ್ನ ಸೈಟಿಗೆ ನುಗ್ಗುತ್ತದೆ. ರಿಫ್ಲೆಕ್ಟರ್‌ನ ಒಂದೊಂದು ಬಾಗೂ ಆ ತಂತಿ ಇರುವ ಜಾಗಕ್ಕೇ ಲೆಕ್ಕ ಹಾಕಿ ಮಾಡಿದ್ದು. ಅಲ್ಲಿಗೆ ಅಳತೆ ಕೂಡದ ಎಲ್‌ಇಡಿ ತುರುಕಿದರೆ ಬೆಳಕು ಕಟ್ಟೆಯೊಡೆದ ಕೆರೆ. ಆದರೆ ಯಜಮಾನರಿಗೆ ತಗಡಿನ ಪುರಾಣ ಯಾಕೆ? ಅವರ ಗೇಟು, ಎದುರುಮನೆಯ ಗೇಟು, ಮೂರನೇ ಮಹಡಿಯ ಒಣಹಾಕಿದ ಲುಂಗಿ ಎಲ್ಲ ಫಳಫಳ ಹೊಳೆಯುತ್ತಿತ್ತು.

ಸರ್ಕಾರ ಸುಮ್ನೆ ಕೂತಿಲ್ಲ. ಒಂದು ಕಾಲದಲ್ಲಿ ಹೆಡ್‌ಲೈಟಿನ ನಡುವೆ ಕಪ್ಪು ಬಳಿಸಿದರು. ಜನ ಅದನ್ನು ದೃಷ್ಟಿಬೊಟ್ಟು ಅಂದುಕೊಂಡರು. ಹೆದ್ದಾರಿಯ ನಡುವೆ ಕಣಗಿಲೆ ನೆಟ್ಟರು. ಎದುರಿನ ಬೆಳಕಿಗೆ ಅಡ್ಡ, ದನ ಮೇಯುವ ಭಯವೂ ಇಲ್ಲ. ಮನುಷ್ಯ ಬೆರಳಾಡಿಸದಿದ್ದರೆ ಗಿಡವಾದರೂ ಎಲೆಯಾಡಿಸಲಿ ಅಂತ. 2024ರ ಜುಲೈನಲ್ಲಿ ರಾಜ್ಯದ ಪೊಲೀಸರು ಕಣ್ಣು ಕುಕ್ಕುವ ಎಲ್‌ಇಡಿಗಳ ಮೇಲೆ ಕೇಸು ಹಾಕೋಕೆ ಶುರುಮಾಡಿದರು. ಮೋಟಾರು ವಾಹನ ಕಾಯ್ದೆಯ 177ನೇ ಸೆಕ್ಷನ್ನು, ಮೊದಲ ತಪ್ಪಿಗೆ 500 ರೂಪಾಯಿವರೆಗೆ ದಂಡ. ಬಲ್ಬಿಗೆ ಸಾವಿರಗಟ್ಟಲೆ ಸುರಿದವರು ಇದನ್ನು ಫಿಟ್ಟಿಂಗ್ ಚಾರ್ಜು ಅಂತ ಬರೆದುಕೊಂಡಿರಬೇಕು.

ಕೊನೆಗೆ ನಾನೇ ಸರ್ವೆಗೆ ಇಳಿದೆ. ಮೊನ್ನೆ ರಾತ್ರಿ ಯಜಮಾನರ ಗಾಡಿ ಗೇಟಿನ ಮುಂದೆ ನಿಂತಿತ್ತು. ಟೇಪು ಹಿಡಿದು 8 ಮೀಟರ್ ಅಳೆದೆ. ಬಲಕ್ಕೆ ಅರ್ಧ ಮೀಟರ್ ಸರಿದೆ. ಒಂದೂವರೆ ಮೀಟರ್ ಎತ್ತರಕ್ಕೆ ಕಣ್ಣು ಬರಲಿ ಅಂತ ಸ್ವಲ್ಪ ಮೊಣಕಾಲು ಬಗ್ಗಿಸಿದೆ.

ಯಜಮಾನರು ಹೊರಗೆ ಬಂದರು. “ಕತ್ತಲಲ್ಲಿ ಏನು ಹುಡುಕ್ತಿದ್ದೀರಿ ಸಾರ್?”

“ನನ್ನದೊಂದು ಸೈಟಿತ್ತು. ಎಲ್ಲಿದೆ ಅಂತ ನೋಡ್ತಿದ್ದೆ.”

ಪಾಪ, ಉಪಕಾರಿ ಮನುಷ್ಯ. “ತಡೀರಿ, ಕಾಣಲಿ” ಅಂದವರೇ ಗಾಡಿ ಹತ್ತಿ ಹೈ ಬೀಮ್ ಹಾಕಿಬಿಟ್ಟರು.