ನಂಟಿಲ್ಲದ ಅಂಟು

ಬೆಳಿಗ್ಗೆ ಹಾಲಿನ ಚೀಲ ಎತ್ತಿಕೊಳ್ಳಲು ಬಾಗಿಲು ತೆಗೆದರೆ ಎದುರಿಗೇ ಜಿರಳೆ. ಚಪ್ಪಲಿ ಕೈಗೆತ್ತಿಕೊಂಡ ಮೇಲೆ ಗೊತ್ತಾಗುತ್ತದೆ, ಅದು ಸ್ಟಿಕ್ಕರ್ ಮೇಲೆ ಅಚ್ಚಾದ ಜಿರಳೆ. ಅಂಗಾತ ಬಿದ್ದು ಆರೂ ಕಾಲು ಮೇಲೆತ್ತಿದೆ, ಮೈಮೇಲೆ ಕೆಂಪು ಕತ್ತರಿ ಗುರುತು, ಕೆಳಗೆ ‘ಪೆಸ್ಟ್ ಕಂಟ್ರೋಲ್, ಒಂದು ವರ್ಷ ಗ್ಯಾರಂಟಿ’ ಎಂಬ ಅಭಯ, ಅದರ ಕೆಳಗೆ ಹತ್ತಂಕಿಯ ಮೊಬೈಲ್ ನಂಬರು. ಅಂಟಿಸಿದ್ದೆಲ್ಲಿ? ನಾಮಫಲಕಕ್ಕೂ ತೋರಣದ ಮೊಳೆಗೂ ನಟ್ಟನಡುವೆ, ಗಣಪತಿ ಹಬ್ಬಕ್ಕೆಂದು ಪಾಲಿಶ್ ಮಾಡಿಸಿದ ಬಾಗಿಲಿನ ಮೇಲೆ. ಹೊಸಬರು ಯಾರಾದರೂ ಬಂದರೆ ಇದೇ ಈ ಮನೆತನದ ಲಾಂಛನ ಅಂದುಕೊಳ್ಳಬೇಕು.

ಮುಂಬೈಯ ಹೌಸಿಂಗ್ ಸೊಸೈಟಿಗಳಲ್ಲಿ ಇರುವವರಿಗೆ ಇದೇನೂ ಹೊಸದಲ್ಲ. ಗೇಟಿನಲ್ಲಿ ‘ಸೇಲ್ಸ್‌ಮನ್‌ಗಳಿಗೆ ಪ್ರವೇಶವಿಲ್ಲ’ ಎಂದು ಮೂರು ಭಾಷೆಯಲ್ಲಿ ಬರೆದ ಬೋರ್ಡಿದೆ. ಬೋರ್ಡಿನ ಮೂಲೆಯಲ್ಲೂ ಒಂದು ಸ್ಟಿಕ್ಕರ್ ಇದೆ. ಬೋರ್ಡಿನ ಕೆಳಗೆ ವಾಚ್‌ಮನ್, ಅವನ ಮುಂದೆ ರಿಜಿಸ್ಟರು. ಉಡುಪಿಯಿಂದ ರಾತ್ರಿ ಬಸ್ಸಿನಲ್ಲಿ ಹಲಸಿನಕಾಯಿ ಹೊತ್ತು ಬಂದ ಭಾವನವರು ಹೆಸರು, ಫ್ಲ್ಯಾಟ್ ನಂಬರು, ಬಂದ ಕಾರಣ ಎಲ್ಲ ಬರೆದು, ಇಂಟರ್‌ಕಾಮ್‌ನಲ್ಲಿ ತಾವು ಭಾವನೇ ಎಂದು ಸಾಬೀತು ಮಾಡಿದ ಮೇಲೇ ಒಳಗೆ ಬರಬೇಕು. ಹಲಸಿನಕಾಯಿಯನ್ನೂ ಅವನು ಅನುಮಾನದಿಂದಲೇ ನೋಡುತ್ತಾನೆ. ಸ್ಟಿಕ್ಕರ್ ಹುಡುಗನಿಗೆ ‘ಪಾರ್ಸಲ್ ಹೈ’ ಎಂಬ ಎರಡೇ ಮಾತು ಸಾಕು. ಅವನ ಕೆಲಸದ ಕ್ರಮವೂ ಅಚ್ಚುಕಟ್ಟು: ಲಿಫ್ಟಿನಲ್ಲಿ ನೇರ ಮೇಲಿನ ಮಹಡಿಗೆ ಹೋಗಿ ಅಲ್ಲಿಂದ ಮೆಟ್ಟಿಲಿಳಿಯುತ್ತ ಬರುವುದು. ಮಹಡಿಗೆ ನಾಲ್ಕು ಬಾಗಿಲಿನಂತೆ ಏಳು ಮಹಡಿ ಇಳಿಯುವಷ್ಟರಲ್ಲಿ 28 ಜಿರಳೆ. ಬೆಲ್ ಒತ್ತುವುದಿಲ್ಲವಾದ್ದರಿಂದ ಯಾರೂ ಹೊರಗೆ ಬರುವುದಿಲ್ಲ. ಮಹಾರಾಷ್ಟ್ರದಲ್ಲಿ 1995ರಿಂದ ಆಸ್ತಿ ವಿರೂಪ ತಡೆ ಕಾಯ್ದೆ ಇದೆ, ನಿಜ. ಜಿರಳೆಯ ಕೆಳಗಿನ ನಂಬರು ಹಿಡಿದು ಪೊಲೀಸ್ ಸ್ಟೇಷನ್ನಿಗೆ ಹೋಗುವ ಗಟ್ಟಿಗರು ನಮ್ಮ ವಿಂಗಿನಲ್ಲಿ ಇನ್ನೂ ಹುಟ್ಟಿಲ್ಲ.

ಹಾಗಾಗಿ ಉಳಿದದ್ದು ಕೀಳುವ ಕೆಲಸ. ಸಿಟ್ಟಿನಲ್ಲಿ ಉಗುರು ಹಾಕಿ ಎಳೆದಿರೋ, ಕೆಟ್ಟಿರಿ. ಇವು ಕಾಗದದ ಸ್ಟಿಕ್ಕರ್‌ಗಳು. ಮೇಲಿನ ಹೊಳಪಿನ ಪದರ ಮಾತ್ರ ಕಿತ್ತು ಬಂದು, ಗೋಂದು ಮೆತ್ತಿದ ಬಿಳಿ ಪದರ ಬಾಗಿಲಿನಲ್ಲೇ ಉಳಿಯುತ್ತದೆ. ಎರಡು ವಾರದಲ್ಲಿ ಆ ಗೋಂದಿಗೆ ರಸ್ತೆಯ ಧೂಳೆಲ್ಲ ಕೂತು ಕರೀ ಚೌಕವಾಗುತ್ತದೆ. ನೀರು ಹಾಕಿ ಉಜ್ಜಿದರೆ ಕಾಗದ ಕರಗಿ ಹಿಟ್ಟಾಗುತ್ತದೆಯೇ ಹೊರತು ಗೋಂದು ಜಗ್ಗುವುದಿಲ್ಲ. ಉಗುರಿನ ಬಣ್ಣ ತೆಗೆಯುವ ದ್ರವವೋ ಥಿನ್ನರೋ ಹಾಕಿದರೆ ಗೋಂದು ಹೋಗುತ್ತದೆ, ಜೊತೆಗೆ ಬಾಗಿಲಿನ ಪಾಲಿಶೂ ಹೋಗುತ್ತದೆ. ಬ್ಲೇಡಿನಲ್ಲಿ ಕೆರೆದರೆ ಸನ್‌ಮೈಕಾದ ಮೇಲೆ ಬೀಳುವ ಗೀರೂ ಅಷ್ಟೇ, ನೀವು ಮನೆ ಮಾರುವವರೆಗೂ ಇರುತ್ತದೆ.

ಸರಿಯಾದ ದಾರಿ ಇದು. ಹೇರ್ ಡ್ರೈಯರನ್ನು ನಾಲ್ಕು ಬೆರಳು ದೂರ ಹಿಡಿದು ಅರ್ಧ ನಿಮಿಷ ಬಿಸಿಗಾಳಿ ಕೊಡಬೇಕು. ಗೋಂದು ಮೆತ್ತಗಾಗುತ್ತದೆ. ಮೂಲೆಯೊಂದನ್ನು ಎಬ್ಬಿಸಿ, ನಿಮ್ಮ ಕಡೆಗೆ ಎಳೆಯದೆ, ಬಾಗಿಲಿಗೆ ತಾಗಿದಂತೆಯೇ ಹಿಂದಕ್ಕೆ ಮಡಿಚಿ ನಿಧಾನವಾಗಿ ಸುಲಿಯಬೇಕು, ಬಾಳೆದಿಂಡಿನ ಸಿಪ್ಪೆ ಸುಲಿದ ಹಾಗೆ. ಎಲ್ಲಿ ತಡೆಯಿತೋ ಅಲ್ಲಿ ನಿಲ್ಲಿಸಿ ಮತ್ತೆ ಬಿಸಿ. ಉಳಿದ ಗೋಂದಿಗೆ ಹತ್ತಿಯಲ್ಲಿ ಕೊಬ್ಬರಿ ಎಣ್ಣೆ ಅದ್ದಿ ಅಂಟಿಸಿ 20 ನಿಮಿಷ ಬಿಡಬೇಕು. ಆಮೇಲೆ ಪ್ಲಾಸ್ಟಿಕ್ ಕಾರ್ಡನ್ನು ಓರೆಯಾಗಿ ಹಿಡಿದು ಕೆರೆದರೆ ಗೋಂದು ಹುಳುವಿನಂತೆ ಸುರುಳಿ ಸುತ್ತಿ ಬರುತ್ತದೆ. ಕೊನೆಗೆ ಪಾತ್ರೆ ತೊಳೆಯುವ ಸೋಪಿನ ಎರಡು ಹನಿಯನ್ನು ಉಗುರುಬೆಚ್ಚಗಿನ ನೀರಿಗೆ ಹಾಕಿ ಒರೆಸಬೇಕು. ಈ ಕೊನೆಯ ಹೆಜ್ಜೆಯನ್ನು ಎಲ್ಲರೂ ಬಿಡುತ್ತಾರೆ. ಅದರ ಫಲ ಆಮೇಲೆ ಹೇಳುತ್ತೇನೆ.

ಎಣ್ಣೆ ನೆನೆಯುವ ಆ 20 ನಿಮಿಷದಲ್ಲಿ ಕೆಳಗೆ ಹೋಗಿ ಅಂಚೆ ಡಬ್ಬಿ ನೋಡಿ ಬರಬಹುದು. ಮೆಟ್ಟಿಲಿನ ಕೆಳಗೆ ಸಾಲಾಗಿ ನಿಂತ ತಗಡಿನ ಡಬ್ಬಿಗಳು, ಅರ್ಧಕ್ಕೆ ಬೀಗವೇ ಇಲ್ಲ, ಉಳಿದರ್ಧಕ್ಕೆ ಬೀಗವಿದ್ದು ಕೀಲಿ ಇಲ್ಲ. ಸೀಳಿನಿಂದ ಟ್ಯೂಷನ್ ಕ್ಲಾಸಿನ ಚೀಟಿ, ಪಿಜ್ಜಾ ಅಂಗಡಿಯ ಪಟ್ಟಿ, ವಾಟರ್ ಪ್ಯೂರಿಫೈಯರ್ ಸರ್ವಿಸಿನ ಕಾರ್ಡು ನಾಲಿಗೆ ಚಾಚಿಕೊಂಡಿರುತ್ತವೆ. ಡಬ್ಬಿ ಹೀಗೆ ತುಂಬಿದ್ದರೆ ಬೇಕಾದ ಕಾಗದ ಒಳಗೆ ಇಳಿಯುವುದಿಲ್ಲ, ಅರ್ಧ ಹೊರಗೇ ನಿಲ್ಲುತ್ತದೆ. ಜೂನ್‌ನಲ್ಲಿ ಮಳೆ ಓರೆಯಾಗಿ ಬಡಿದಾಗ ಅಷ್ಟೂ ಸೇರಿ ಒಂದೇ ಮುದ್ದೆ. ಮೇ ಕೊನೆಯ ವಾರದಲ್ಲಿ ಡಬ್ಬಿ ಖಾಲಿ ಮಾಡುವುದು ಛತ್ರಿ ರಿಪೇರಿಯಷ್ಟೇ ಮುಖ್ಯ.

ಇಲ್ಲಿ ಬಾಡಿಗೆ ಮನೆ ಎಂದರೆ 11 ತಿಂಗಳ ‘ಲೀವ್ ಅಂಡ್ ಲೈಸನ್ಸ್’ ಕರಾರು. ಬಾಡಿಗೆದಾರರು ಹೋಗುತ್ತಾರೆ, ಅವರ ಅಂಚೆ ಹೋಗುವುದಿಲ್ಲ. ಹಾಗಾಗಿ ಒಂದೊಂದು ಫ್ಲ್ಯಾಟಿನ ಡಬ್ಬಿಯಲ್ಲಿ ನಾಲ್ಕಾರು ಸಂಸಾರಗಳ ಹೆಸರು ವಾಸವಾಗಿರುತ್ತವೆ. ಇದಕ್ಕೆ ಮದ್ದು ಸುಲಭ: ಲಕೋಟೆ ಒಡೆಯಬೇಡಿ, ಮೇಲೆ ‘ಲೆಫ್ಟ್’ ಎಂದು ಇಂಗ್ಲಿಷಿನಲ್ಲಿ ಬರೆದು ಪೋಸ್ಟ್‌ಮನ್ ಕೈಗೆ ವಾಪಸು ಕೊಡಿ. ನಿಮ್ಮ ಹೆಸರಿಗೇ ಬಂದು ನಿಮಗೆ ಬೇಡವಾಗಿದ್ದರೆ ‘ರೆಫ್ಯೂಸ್ಡ್’ ಎಂದು ಬರೆದು ಸಹಿ ಹಾಕಿ. ಕುತೂಹಲಕ್ಕೆ ಒಮ್ಮೆ ಒಡೆದಿರೋ, ಅದು ನಿಮ್ಮದೇ ಆಯಿತು.

ಈ ರಾಶಿಯ ರಾಜ ಎಂದರೆ ‘ಪ್ರೀ ಅಪ್ರೂವ್ಡ್’ ಲಕೋಟೆ. ನಾವು ಕೇಳುವ ಮೊದಲೇ ಯಾರೋ ಒಪ್ಪಿಬಿಟ್ಟಿದ್ದಾರೆ. ಹುಡುಗಿ ನೋಡುವ ಮೊದಲೇ ಛತ್ರ ಬುಕ್ ಮಾಡಿದ ಹಾಗೆ. ಕಿಟಕಿಯಿರುವ ಲಕೋಟೆ, ಒಳಗೆ ಗಟ್ಟಿಯಾದದ್ದೇನೋ ಬೆರಳಿಗೆ ತಾಗುತ್ತದೆ, ತೆರೆದರೆ ಬಣ್ಣದ ಪ್ಲಾಸ್ಟಿಕ್ ಕಾರ್ಡು, ಮೇಲೆ ‘ನಿಮ್ಮ ಹೆಸರು ಇಲ್ಲಿ’. ಇದು ನಮೂನೆ ಕಾರ್ಡು, ಇದರಿಂದ ಅಪಾಯವಿಲ್ಲ. ಎಸೆಯಬೇಡಿ, ಮೇಲೆ ಎಣ್ಣೆ ನೆನೆಯುತ್ತಿದೆ. ಕೇಳದೆಯೇ ನಿಜವಾದ ಕ್ರೆಡಿಟ್ ಕಾರ್ಡು ಬಂದರೆ ಮಾತು ಬೇರೆ. ರಿಸರ್ವ್ ಬ್ಯಾಂಕಿನ ನಿಯಮಗಳ ಪ್ರಕಾರ ಹಾಗೆ ಕಳಿಸುವಂತೆಯೇ ಇಲ್ಲ. ಕಳಿಸಿ, ಅದರ ಮೇಲೆ ಶುಲ್ಕ ಹಾಕಿದರೆ, ಶುಲ್ಕ ವಾಪಸು ಮಾಡಿ ಅದರ ಎರಡರಷ್ಟು ದಂಡವನ್ನೂ ನಿಮಗೇ ಕೊಡಬೇಕು. ಬ್ಯಾಂಕಿನವರು ಕಾರ್ಡು ಹೊರಡಿಸಿ 30 ದಿನ ಮೀರಿದರೂ ನೀವು ಚಾಲೂ ಮಾಡದಿದ್ದರೆ ಅವರು ಓಟಿಪಿ ಮೂಲಕ ಒಪ್ಪಿಗೆ ಕೇಳಬೇಕು; ಒಪ್ಪಿಗೆ ಸಿಗದಿದ್ದರೆ ಏಳು ಕೆಲಸದ ದಿನಗಳಲ್ಲಿ ಖಾತೆ ಮುಚ್ಚಬೇಕು, ಖರ್ಚಿಲ್ಲದೆ. ಆದ್ದರಿಂದ ‘ಕ್ಯಾನ್ಸಲ್ ಮಾಡ್ತೀವಿ, ಓಟಿಪಿ ಹೇಳಿ ಸರ್’ ಎಂಬ ಸಕ್ಕರೆ ದನಿಗೆ ಓಟಿಪಿ ಹೇಳಕೂಡದು.

ಲಕೋಟೆಯೊಳಗಿನ ಅರ್ಜಿಯನ್ನು ಹರಿಯದೆ ರದ್ದಿಗೆ ಹಾಕಲೂಬಾರದು. ಆದರೆ ಇಲ್ಲಿ ಹಿರಿಯರ ಆಡಳಿತ ಅಡ್ಡಬರುತ್ತದೆ. ನಮ್ಮವರ ಮನೆಗಳಲ್ಲಿ ಮಾವನವರೆಂಬುವರ ಶಾಸ್ತ್ರ ಹೀಗಿದೆ: ಎರಡೂ ಬದಿ ಅಚ್ಚಾಗಿದ್ದರೆ ಅದು ಕಸ, ಒಂದು ಬದಿ ಖಾಲಿಯಿದ್ದರೆ ಅದು ಕಾಗದ. ಕಾಗದವನ್ನು ಎಸೆಯುವುದು ಸರಸ್ವತಿಗೆ ಅಪಚಾರ. ಹಾಗಾಗಿ ಬಂದ ಚೀಟಿಯನ್ನೆಲ್ಲ ಅಡ್ಡಡ್ಡ ಹರಿದು, ಕ್ಲಿಪ್ಪಿಗೆ ಸಿಕ್ಕಿಸಿ, ಟೆಲಿಫೋನ್ ಪಕ್ಕದಲ್ಲಿ ಇಟ್ಟಿರುತ್ತಾರೆ. ಟೆಲಿಫೋನ್ ಹೋಗಿ ವರ್ಷಗಳಾದವು, ಕ್ಲಿಪ್ಪು ಅಲ್ಲೇ ಇದೆ. ಅದರ ಹಾಳೆಯ ಮೇಲೆ ‘ಕುಚ್ಚಲಕ್ಕಿ 5 ಕಿಲೋ, ಬ್ಯಾಡಗಿ ಮೆಣಸು ಕಾಲು ಕಿಲೋ, ಹುಳಿ ಹಳೆಯದಿದ್ದರೆ ಮಾತ್ರ’ ಎಂದು ಬರೆದು ಅಂಗಡಿಯ ಹುಡುಗನ ಕೈಗೆ ಕೊಡುತ್ತಾರೆ. ಹಿಂಬದಿಯಲ್ಲಿ ಮಗನ ಪೂರ್ತಿ ಹೆಸರು, ಪ್ಯಾನ್ ನಂಬರು, ‘ತಾವು ಐದು ಲಕ್ಷದ ಸಾಲಕ್ಕೆ ಅರ್ಹರು’ ಎಂಬ ಶುಭವಾರ್ತೆ. ಅಂಗಡಿಯವನು ಆ ತಿಂಗಳಿನಿಂದ ಬಾಕಿ ಬರೆದುಕೊಳ್ಳಲು ಹಿಂದೆಮುಂದೆ ನೋಡುವುದಿಲ್ಲ.

ಲಕೋಟೆಯ ಪ್ಲಾಸ್ಟಿಕ್ ಕಿಟಕಿಯನ್ನು ಮೊದಲು ಹರಿದು ತೆಗೆಯಿರಿ, ಹೆಸರು ವಿಳಾಸವಿರುವ ಮೂಲೆಯನ್ನು ಚೂರು ಮಾಡಿ, ಉಳಿದದ್ದು ರದ್ದಿವಾಲಾನಿಗೆ. ಇಷ್ಟು ಮಾಡದಿದ್ದರೆ ಒಂದು ದಿನ ಸ್ಟೇಷನ್ನಿನ ಹೊರಗೆ ಕಡಲೆಕಾಯಿ ತಿಂದು ಮುಗಿಸಿದಾಗ ಪೊಟ್ಟಣದ ತಳದಲ್ಲಿ ನೆರೆಮನೆಯವರ ಬ್ಯಾಂಕ್ ಬ್ಯಾಲೆನ್ಸ್ ಕಾಣಬಹುದು.

ರಾಶಿಯಲ್ಲಿ ನಿಜವಾದ ಕಾಗದ ಪತ್ತೆ ಮಾಡಲು ಎರಡು ಗುರುತು: ಮೂಲೆಗೆ ಅರಿಸಿನ ಹಚ್ಚಿದ್ದರೆ ಮದುವೆ; ಒಂದು ಬದಿ ತೆರೆದ ಲಕೋಟೆಯಾಗಿದ್ದರೆ ಸಂಘದ ಪತ್ರಿಕೆ. ಎರಡನ್ನೂ ಪಿಜ್ಜಾ ಪಟ್ಟಿಯ ಜೊತೆ ಎಸೆದು, ಆಮೇಲೆ ಸಂಘದ ಸಭೆಯಲ್ಲಿ ಬೈಸಿಕೊಂಡವರು ಬೇಕಾದಷ್ಟು ಮಂದಿ ಇದ್ದಾರೆ. 1972ರ ಆಗಸ್ಟ್ 15ರಂದು ಪಿನ್‌ಕೋಡ್ ಬಂದಾಗ ಉದ್ದೇಶ ದೊಡ್ಡದಿತ್ತು: ಒಂದೇ ಹೆಸರಿನ ಊರುಗಳು, ಓದಲಾಗದ ಲಿಪಿಗಳ ನಡುವೆ ಕಾಗದ ದಾರಿ ತಪ್ಪಬಾರದು. ಊರಿನಿಂದ ಅಜ್ಜಿ ಇನ್‌ಲ್ಯಾಂಡ್ ಪತ್ರದ ಮೇಲೆ ವಿಳಾಸವನ್ನೆಲ್ಲ ಕನ್ನಡದಲ್ಲೇ ಬರೆದು, ಕೊನೆಯಲ್ಲಿ 400019 ಎಂದು ನಡುಗುವ ಕೈಯಲ್ಲಿ ಹಾಕಿದರೆ ಅದು ಮಾಟುಂಗಕ್ಕೆ ಬರುತ್ತಿತ್ತು. ಮಡಿಚುವ ಅಂಚಿನಲ್ಲೂ ಅಡ್ಡಲಾಗಿ ಎರಡು ಸಾಲು, ‘ಮಾವು ಈ ಸಲ ಕಡಿಮೆ’ ಎಂದು. ಈಗ ಪಿನ್‌ಕೋಡು ತಪ್ಪಿಲ್ಲದೆ ಬರೆಯುವವರು ಸಾಲ ಕೊಡುವವರು ಮಾತ್ರ. ತೀರಿಕೊಂಡ ಅತ್ತೆಯ ಹೆಸರಿಗೆ ಪ್ರತಿ ವರ್ಷ ಚಿನ್ನದ ಅಂಗಡಿಯಿಂದ ಹುಟ್ಟುಹಬ್ಬದ ಶುಭಾಶಯ ಬರುವ ಮನೆಗಳಿವೆ. ಆ ತಾರೀಕನ್ನು ಮನೆಯವರು ಮರೆತಿರುತ್ತಾರೆ. ಆ ಒಂದು ಕಾರ್ಡನ್ನು ಮಾತ್ರ ಯಾರೂ ರದ್ದಿಗೆ ಹಾಕುವುದಿಲ್ಲ.

ಪೇಪರಿನ ಒಳಗೆ ಬರುವ ಚೀಟಿಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬೆನ್ನು ಹಿಡಿದು ಕೊಡವಿ, ಬೀಳುತ್ತವೆ. ‘ಸ್ಟೇಷನ್ನಿನಿಂದ 5 ನಿಮಿಷ’ ಎಂಬ ಫ್ಲ್ಯಾಟಿನ ಜಾಹೀರಾತಾದರೆ ಮಹಾರೇರಾ, ಅಂದರೆ ಮಹಾರಾಷ್ಟ್ರದ ರಿಯಲ್ ಎಸ್ಟೇಟ್ ಪ್ರಾಧಿಕಾರ, ಕೊಟ್ಟ ನೋಂದಣಿ ನಂಬರು ಹುಡುಕಿ; 2023ರ ಆಗಸ್ಟ್‌ನಿಂದ ಕ್ಯೂಆರ್ ಕೋಡ್ ಕೂಡ ಕಡ್ಡಾಯ. ಅದನ್ನು ಸ್ಕ್ಯಾನ್ ಮಾಡಿದರೆ ಕಟ್ಟಡ ಮುಗಿಯುವ ತಾರೀಕು ಸಿಗುತ್ತದೆ. ಆ 5 ನಿಮಿಷ ಯಾವ ವಾಹನದಲ್ಲಿ ಎಂಬುದು ಅಲ್ಲೂ ಸಿಗುವುದಿಲ್ಲ.

ಇಷ್ಟು ಹೊತ್ತಿಗೆ ಫೋನು ಬಡಿದುಕೊಳ್ಳುತ್ತದೆ. ಕೈಯೆಲ್ಲ ಎಣ್ಣೆ. 140ರಿಂದ ಶುರುವಾಗುವ ನಂಬರಾದರೆ ಅದು ನೋಂದಾಯಿತ ಮಾರಾಟದ ಕರೆ, ನಿಶ್ಚಿಂತೆಯಿಂದ ಬಡಿದುಕೊಳ್ಳಲು ಬಿಡಿ. 1600ರಿಂದ ಶುರುವಾದರೆ ಬ್ಯಾಂಕು, ವಿಮೆಯವರ ಸೇವಾ ಕರೆ. ತಲೆನೋವು ಸಾಮಾನ್ಯ ಹತ್ತಂಕಿಯ ನಂಬರುಗಳದು. ಕೊರಿಯರ್ ಹುಡುಗನೋ, ಊರಿನ ಚಿಕ್ಕಪ್ಪನೋ ಎಂದು ಕಿರುಬೆರಳಿನಲ್ಲಿ ಒತ್ತಿದರೆ ‘ಸರ್, ಪರ್ಸನಲ್ ಲೋನ್ ಚಾಹಿಯೆ?’. 1909ಕ್ಕೆ ಇಂಗ್ಲಿಷಿನಲ್ಲಿ ‘ಸ್ಟಾರ್ಟ್ 0’ ಎಂದು ಎಸ್ಸೆಮ್ಮೆಸ್ ಕಳಿಸಿದರೆ ಎಲ್ಲ ಬಗೆಯ ಜಾಹೀರಾತಿಗೂ ತಡೆ. ಆಮೇಲೂ ಬಂದರೆ ಅದೇ 1909ಕ್ಕೆ ದೂರು: ಕರೆ ಮಾಡಿದ ನಂಬರು, ತಾರೀಕು, ಏನು ಹೇಳಿದರು, ಇಷ್ಟು. ಮೊದಲು ಮೂರು ದಿನದೊಳಗೆ ಕೊಡಬೇಕಿತ್ತು, ಟೆಲಿಕಾಂ ನಿಯಮಗಳ 2025ರ ತಿದ್ದುಪಡಿಯಲ್ಲಿ ಏಳು ದಿನವಾಗಿದೆ. ಎಸ್ಸೆಮ್ಮೆಸ್ ಆದರೆ ಕಳಿಸಿದವರ ಹೆಸರಿನ ಕೊನೆಯ ಅಕ್ಷರ ನೋಡಿ: ‘ಪಿ’ ಇದ್ದರೆ ಪ್ರಚಾರ, ‘ಎಸ್’ ಸೇವೆ, ‘ಟಿ’ ವ್ಯವಹಾರ, ‘ಜಿ’ ಸರ್ಕಾರ.

ಇಷ್ಟಾದರೂ ಬರುತ್ತವೆ, ಯಾಕೆಂದರೆ ಒಪ್ಪಿಗೆ ಕೊಟ್ಟವರು ನಾವೇ. ಮಾಲ್‌ನಲ್ಲಿ ಲಕ್ಕಿ ಡ್ರಾಗೆಂದು ನಿಲ್ಲಿಸಿದ ಕಾರಿನ ಮುಂದೆ ಡಬ್ಬಿಯೊಂದಿರುತ್ತದಲ್ಲ, ಅದರಲ್ಲಿ ಹಾಕಿದ ಚೀಟಿಯಲ್ಲಿ ಹೆಸರು, ನಂಬರು, ಮದುವೆಯ ತಾರೀಕು ಎಲ್ಲ ನಮ್ಮದೇ ಅಕ್ಷರದಲ್ಲಿದೆ. ಕಾರು ಈವರೆಗೆ ಯಾರ ಮನೆಗೂ ಬಂದದ್ದು ಕೇಳಿಲ್ಲ. ಬರೆಯಲೇಬೇಕಾದರೆ ಒಂದು ಉಪಾಯ ಮಾಡಿ: ಮಾಲಿಗೆ ‘ಎಂ. ರಾವ್’, ಚಿನ್ನದಂಗಡಿಗೆ ‘ಜೆ. ರಾವ್’, ಪ್ರದರ್ಶನದ ಮಳಿಗೆಗೆ ‘ಪಿ. ರಾವ್’ ಎಂದು ಇನಿಷಿಯಲ್ ಬದಲಿಸಿ. ನಾಳೆ ‘ಜೆ. ರಾವ್’ ಅವರಿಗೆ ಮಂಡಿ ನೋವಿನ ತೈಲದ ಕರೆ ಬಂದರೆ ನಿಮ್ಮ ನಂಬರು ಯಾವ ಗಲ್ಲಾದಿಂದ ಹೊರಟಿತು ಎಂದು ಗೊತ್ತಾಗುತ್ತದೆ. ಗೊತ್ತಾಗಿ ಮಾಡುವುದೇನು? ಮುಂದಿನ ಸಲ ಆ ಅಂಗಡಿಯಲ್ಲಿ ಸ್ವಲ್ಪ ಜಾಸ್ತಿ ಚೌಕಾಸಿ.

ಸರಿ, 20 ನಿಮಿಷ ಕಳೆದಿರುತ್ತದೆ. ‘ನಿಮ್ಮ ಹೆಸರು ಇಲ್ಲಿ’ ಕಾರ್ಡಿನಿಂದ ಕೆರೆದರೆ ಗೋಂದು ಸೊಗಸಾಗಿ ಬರುತ್ತದೆ. ಕ್ರೆಡಿಟ್ ಕಾರ್ಡೊಂದು ಈ ಮನೆಗೆ ಸಾಲವಿಲ್ಲದೆ ಉಪಕಾರ ಮಾಡಿದ ಮೊದಲ ಸಂದರ್ಭ. ಬಾಗಿಲು ಫಳಫಳ. ಸೋಪಿನ ನೀರು ಯಾಕೆ ಬೇಕು, ಪಾಲಿಶಿಗೂ ಎಣ್ಣೆ ಒಳ್ಳೆಯದೇ ಅಂದುಕೊಂಡು ಒಳಗೆ ಹೋಗುತ್ತೀರಿ.

ಸಂಜೆ ಬಾಗಿಲು ತೆಗೆದರೆ ಲಿಫ್ಟಿನ ಮೂಲೆಯಿಂದ ಹೊರಟ ಕೆಂಪಿರುವೆಯ ಸಾಲು ಹೊಸ್ತಿಲು ಹತ್ತಿ, ಚೌಕಟ್ಟು ಹತ್ತಿ, ಸರಿಯಾಗಿ ಜಿರಳೆಯಿದ್ದ ಜಾಗದಲ್ಲಿ ಸಭೆ ಸೇರಿದೆ. ಮಸಾಲೆಡಬ್ಬಿಯ ಅರಿಸಿನ ಹಾಕಿದ್ದಾಯಿತು, ವಿನೆಗರ್ ಹಾಕಿದ್ದಾಯಿತು. ಒಂದು ಸಾಲು ಒಳಗೆ ಸಕ್ಕರೆ ಡಬ್ಬಿಯತ್ತ ಹೊರಟಿದೆ. ಈಗ ಪೆಸ್ಟ್ ಕಂಟ್ರೋಲಿನವನೇ ಬೇಕು. ಅವನ ನಂಬರು ಕಸದ ಡಬ್ಬಿಯಲ್ಲಿ ಎಣ್ಣೆ ಕುಡಿದು ಮುದ್ದೆಯಾಗಿದೆ.

ಪಕ್ಕದ ಬಾಗಿಲಿನಲ್ಲಿ ಜಿರಳೆ ಇನ್ನೂ ಇದೆ. ಕನ್ನಡಕ ಹಾಕಿಕೊಂಡು, ಪೆನ್ನು ಹಿಡಿದು, ಅಂಗೈ ಮೇಲೆ ಆರು ಅಂಕೆ ಬರೆದುಕೊಳ್ಳುವಷ್ಟರಲ್ಲಿ ಆ ಬಾಗಿಲು ತೆರೆಯುತ್ತದೆ. ಆ ಮನೆಯ ಕಾಕೂ, ಅಂದರೆ ಮರಾಠಿ ಚಿಕ್ಕಮ್ಮ, ನಿಂತಿದ್ದಾರೆ. ಒಂದು ಕೈಯಲ್ಲಿ ಹೇರ್ ಡ್ರೈಯರು, ಇನ್ನೊಂದರಲ್ಲಿ ಕೊಬ್ಬರಿ ಎಣ್ಣೆ.

‘ಒಂದೇ ನಿಮಿಷ ತಡೀರಿ ಕಾಕೂ, ಇನ್ನು ನಾಲ್ಕು ನಂಬರು ಬಾಕಿ ಇದೆ.’