ಡೇವೀಸ್ ಪಾರ್ಕ್‌ಗೆ ಬರೀ ಸೊಪ್ಪಿಗೆ ಹೋಗಬೇಡಿ

ಬ್ರಿಸ್ಬೇನ್‌ನಲ್ಲಿರುವ ನಮ್ಮ ಕನ್ನಡದವರಿಗೆ ವೆಸ್ಟ್ ಎಂಡ್‌ನ ಡೇವೀಸ್ ಪಾರ್ಕ್ ಅಂದರೆ ಶನಿವಾರದ ಮಾರ್ಕೆಟ್. ನಾನೂ ಎಷ್ಟೋ ವರ್ಷ ಅಲ್ಲಿ ಕೊತ್ತಂಬರಿ ಸೊಪ್ಪು, ಬದನೆಕಾಯಿ ತಗೊಂಡು ಸೀದಾ ಮನೆಗೆ ಬಂದವಳು. ಪಕ್ಕದಲ್ಲೇ ಇರುವ ಮೈದಾನದ ಕಡೆ ತಿರುಗಿಯೂ ನೋಡಿರಲಿಲ್ಲ. ಅದು ಸೌತ್ಸ್ ರಗ್ಬಿ ಲೀಗ್ ಕ್ಲಬ್ಬಿನದು. ಕಪ್ಪು ಬಿಳಿ ಜೆರ್ಸಿಯ ಮ್ಯಾಗ್‌ಪೈಸ್. ಮಗ ಈ ಆಟಕ್ಕೆ ಸೇರಿದ ಮೇಲೆ ಒಂದು ದಿನ ಬೇಲಿ ಹಿಡಿದು ನಿಂತೆ.

ಹತ್ತೇ ನಿಮಿಷದಲ್ಲಿ ಕಬಡ್ಡಿ ನೆನಪಾಯಿತು. ಚೆಂಡು ಹಿಡಿದವನು ನುಗ್ಗುತ್ತಾನೆ. ಎದುರಿನವರು ಸೊಂಟಕ್ಕೆ ಕೈ ಹಾಕಿ ಕೆಡವುತ್ತಾರೆ. ಆರು ಸಲ ಕೆಡವಿದರೆ ಚೆಂಡು ಅವರದು. ನಮ್ಮ ಕಡೆ ಹೊನಲು ಬೆಳಕಿನ ಕಬಡ್ಡಿಗೆ ಪಕ್ಕದ ಹಳ್ಳಿಯ ತಂಡ ಬಂದರೆ ಇಡೀ ಊರು ಅಂಕಣದ ಸುತ್ತ ಸೇರುತ್ತಿತ್ತು, ಅಲ್ವಾ? ಈ ನಗರದಲ್ಲೂ ಹಾಗೇ ಇತ್ತು. ವ್ಯಾಲೀಸ್, ಬ್ರದರ್ಸ್, ನಾರ್ತ್ಸ್, ಈಸ್ಟ್ಸ್, ವೆಸ್ಟ್ಸ್, ರೆಡ್‌ಕ್ಲಿಫ್, ವಿನಮ್. ಎಲ್ಲವೂ ಇಲ್ಲಿನ ಬಡಾವಣೆಗಳಲ್ಲಿ ಬೆಳೆದ ಕ್ಲಬ್‌ಗಳು.

ಈ ಕ್ಲಬ್‌ಗಳೆಲ್ಲ ಆಡುತ್ತಿದ್ದ ಬ್ರಿಸ್ಬೇನ್ ಲೀಗಿನ 1984ರ ಫೈನಲ್‌ನಲ್ಲಿ ವಿನಮ್ ತಂಡ ಸೌತ್ಸ್ ಮೇಲೆ 42-8ರಲ್ಲಿ ಗೆದ್ದಿತು. ಮರುವರ್ಷ ಮತ್ತೆ ಅವೇ ಎರಡು ತಂಡ, ಅದೇ ಲ್ಯಾಂಗ್ ಪಾರ್ಕ್. ವಿನಮ್ ಕಡೆ ಆಟಗಾರ ವಾಲಿ ಲೂಯಿಸ್. ಸೌತ್ಸ್ ಕಡೆ ಆಟಗಾರ ಮಾಲ್ ಮೆನಿಂಗಾ, ಕೋಚ್ ವೇಯ್ನ್ ಬೆನೆಟ್. ಸೌತ್ಸ್ 10-8ರಲ್ಲಿ ಕಪ್ ತಂದಿತು. ಮುಂದೆ ದೇಶಕ್ಕೇ ನಾಯಕನಾದ ಮೆನಿಂಗಾ ನಾನು ಬದನೆಕಾಯಿ ಆರಿಸುವ ಜಾಗದ ಪಕ್ಕದಲ್ಲೇ ಆಡುತ್ತಿದ್ದವರು. ಇದು ತಿಳಿದಾಗ ನಿಜಕ್ಕೂ ಮೈ ಜುಮ್ಮೆಂದಿತು.

ಈ ಲೀಗ್ ಸೊರಗಲು ಮುಖ್ಯ ಕಾರಣ ದುಡ್ಡು. ಸಿಡ್ನಿ ಇರುವ ನ್ಯೂ ಸೌತ್ ವೇಲ್ಸ್‌ನಲ್ಲಿ 1956ರಿಂದಲೇ ಕ್ಲಬ್‌ಗಳು ಜೂಜಿನ ಯಂತ್ರ ಇಟ್ಟುಕೊಂಡು ದುಡ್ಡು ಮಾಡಬಹುದಿತ್ತು. ಬ್ರಿಸ್ಬೇನ್ ಇರುವ ಕ್ವೀನ್ಸ್‌ಲೆಂಡ್‌ನಲ್ಲಿ 1992ರವರೆಗೆ ಆ ಅನುಮತಿಯೇ ಇರಲಿಲ್ಲ. ಒಳ್ಳೊಳ್ಳೆ ಹುಡುಗರು ಸಿಡ್ನಿಗೆ ಹೊರಟರು. ಅಲ್ಲಿ ಹೋದವರು ರಾಜ್ಯಗಳ ನಡುವಿನ ಪಂದ್ಯದಲ್ಲಿ ತಮ್ಮ ರಾಜ್ಯದ ವಿರುದ್ಧವೇ ಆಡಬೇಕಾಗುತ್ತಿತ್ತು. 1980ರ ಜುಲೈ 8ರಂದು ಆಟಗಾರರು ತವರು ರಾಜ್ಯಕ್ಕೇ ಆಡುವ ಸ್ಟೇಟ್ ಆಫ್ ಒರಿಜಿನ್ ಪಂದ್ಯ ಮೊದಲ ಸಲ ನಡೆದಾಗ ಅವರಿಗೆ ತವರಿನ ಜೆರ್ಸಿ ಸಿಕ್ಕಿತು. ಕ್ವೀನ್ಸ್‌ಲೆಂಡ್ 20-10ರಲ್ಲಿ ಗೆದ್ದಿತು.

ಆಮೇಲೆ 1988ರಲ್ಲಿ ಮುಂದೆ ರಾಷ್ಟ್ರೀಯ ಲೀಗಾದ ಸಿಡ್ನಿಯ ಲೀಗಿಗೆ ಬ್ರಿಸ್ಬೇನ್‌ನ ಹೊಸ ತಂಡ ಬ್ರಾಂಕೋಸ್ ಸೇರಿತು. ಕೋಚ್ ಅದೇ ಬೆನೆಟ್, ನಾಯಕ ಅದೇ ಲೂಯಿಸ್. ಜನ, ಟಿವಿ, ಪ್ರಾಯೋಜಕರು ಎಲ್ಲ ಅವರ ಹಿಂದೆ ಹೋದರು. ಬ್ರಿಸ್ಬೇನ್ ಲೀಗನ್ನು ಎಲ್ಲರಿಗಿಂತ ಜಾಸ್ತಿ ಸಲ ಗೆದ್ದ ವ್ಯಾಲೀಸ್ ಕ್ಲಬ್ 90ರ ದಶಕದಲ್ಲಿ ದುಡ್ಡಿಲ್ಲದೆ ಮೇಲಿನ ಹಂತದಿಂದಲೇ ಹೊರಬಿತ್ತು.

ಬ್ರಾಂಕೋಸ್ ಬೇಡವಿತ್ತು ಅಂತ ನಾನು ಹೇಳುತ್ತಿಲ್ಲ. 2025ರಲ್ಲಿ ಅವರು 19 ವರ್ಷದ ಮೇಲೆ ಕಪ್ ಗೆದ್ದಾಗ ನಮ್ಮ ಮನೆಯಲ್ಲೂ ಕೂಗಾಟವೇ. ಆದರೆ ಆ ದೊಡ್ಡ ತಂಡಗಳಿಗೆ ಹುಡುಗರನ್ನು ತಯಾರು ಮಾಡುವುದು ಇಂಥ ಮೈದಾನಗಳೇ. ಅವುಗಳ ಹುಲ್ಲಿಗೆ, ಲೈಟಿಗೆ, ಮಕ್ಕಳ ಕೋಚ್‌ಗಳಿಗೆ ಟಿವಿ ದುಡ್ಡಿನ ಸರಿಯಾದ ಪಾಲು ಬರಬೇಕು. ಅದು ದಾನವಲ್ಲ, ಸಾಲ ತೀರಿಸುವುದು. ಬಡಾವಣೆಯ ಕ್ಲಬ್ಬಿಗೆ ಶಕ್ತಿಯಿಲ್ಲ ಅನ್ನುವವರು ರೆಡ್‌ಕ್ಲಿಫ್ ನೋಡಲಿ. ಅದೇ ಕ್ಲಬ್ಬಿನ ಡಾಲ್ಫಿನ್ಸ್ 2023ರಲ್ಲಿ ರಾಷ್ಟ್ರೀಯ ಲೀಗಿಗೆ ಬಂದು, ಮೊದಲ ಪಂದ್ಯದಲ್ಲೇ ಸಿಡ್ನಿಯ ರೂಸ್ಟರ್ಸ್ ತಂಡವನ್ನು 28-18ರಲ್ಲಿ ಸೋಲಿಸಿತು.

ನಮ್ಮವರು ಮಕ್ಕಳನ್ನು ಕ್ರಿಕೆಟ್‌ಗೆ ಸೇರಿಸುತ್ತಾರೆ, ಸಂತೋಷ. ಪೆಟ್ಟಾಗುತ್ತದೆ ಅನ್ನುವ ಭಯ ನನಗೂ ಇತ್ತು, ಈಗಲೂ ಇದೆ. ಮಕ್ಕಳನ್ನು ಸೇರಿಸದಿದ್ದರೂ ಪರವಾಗಿಲ್ಲ, ನೋಡಲಾದರೂ ಬನ್ನಿ. ನೂರು ಜನ ಇರುವ ಕಡೆ ಒಂದು ಸಂಸಾರ ಬಂದು ನಿಂತರೂ ಆ ಹುಡುಗರಿಗೆ ಗೊತ್ತಾಗುತ್ತದೆ. ಡೇವೀಸ್ ಪಾರ್ಕ್‌ನಲ್ಲಿ ಮ್ಯಾಗ್‌ಪೈಸ್ ಆಡುವ ದಿನ ನಾನು ಬೇಲಿಯ ಹತ್ತಿರ ಇರುತ್ತೇನೆ. ಫ್ಲಾಸ್ಕಿನಲ್ಲಿ ಫಿಲ್ಟರ್ ಕಾಫಿ ತಂದಿರುತ್ತೇನೆ. ಲೋಟ ನೀವು ತನ್ನಿ.