ದೊಡ್ಡ ಸಾಹೇಬರ ನೋಡ್‌ಗೆ ತೂಕ ಜಾಸ್ತಿ

ಬೀದಿದೀಪ ಕೆಟ್ಟರೆ ಯಾರಿಗೆ ಹೇಳಬೇಕು? ಇದನ್ನು ಕಂಪ್ಯೂಟರಿನಲ್ಲಿ ಜನರಿಗೆ ಅರ್ಥವಾಗುವ ಹಾಗೆ ತೋರಿಸಿ ಅಂತ ಒಂದು ಸರ್ಕಾರಿ ಕಚೇರಿ ನಮ್ಮನ್ನು ಕರೆಯಿತು. ಯಾವ ಕಚೇರಿ ಅಂತ ಕೇಳಬೇಡಿ, ಬಿಲ್ ಇನ್ನೂ ಪಾಸಾಗಿಲ್ಲ.

ಕೆಲಸ ಸುಲಭವೇ ಇತ್ತು. ಒಬ್ಬೊಬ್ಬ ಅಧಿಕಾರಿಗೂ ಒಂದೊಂದು ಚುಕ್ಕೆ. ದೂರು ಯಾರಿಂದ ಯಾರಿಗೆ ಹೋಗುತ್ತದೋ ಅಲ್ಲಿಗೊಂದು ಬಾಣ. ಬ್ರೌಸರಿನಲ್ಲಿ ಇಂಥ ಜಾಲ ಬಿಡಿಸೋಕೆ ವಿಸ್-ನೆಟ್‌ವರ್ಕ್ ಅನ್ನೋ ಓಪನ್ ಸೋರ್ಸ್ ಲೈಬ್ರರಿ ಇದೆ, ಅಂದರೆ ಯಾರು ಬೇಕಾದರೂ ಬಳಸಬಹುದಾದ ಸಿದ್ಧ ಕೋಡು. ಚುಕ್ಕೆಗಳದ್ದೊಂದು ಪಟ್ಟಿ, ಗೆರೆಗಳದ್ದೊಂದು ಪಟ್ಟಿ ಕೊಟ್ಟರೆ ಸಾಕು, ಉಳಿದದ್ದನ್ನು ಅದೇ ನೋಡಿಕೊಳ್ಳುತ್ತದೆ. ಒಂದು ಚುಕ್ಕೆ ಹಿಡಿದು ಎಳೆದರೆ ಸಂಬಂಧ ಇರುವವರೆಲ್ಲ ಹಿಂದೆಯೇ ಬರುತ್ತಾರೆ, ಮದುವೆ ಮನೆಯಲ್ಲಿ ಒಬ್ಬರನ್ನು ಊಟಕ್ಕೆ ಕರೆದ ಹಾಗೆ. ದುಡ್ಡೂ ಕೊಡಬೇಕಾಗಿಲ್ಲ.

ತೊಂದರೆ ಶುರುವಾಗಿದ್ದೇ ಅಲ್ಲಿ.

'ರೇಟ್ ಎಷ್ಟು?' ಅಂದರು ಲೆಕ್ಕಪತ್ರದವರು. 'ಫ್ರೀ ಸರ್' ಅಂದೆ. 'ಅದು ಗೊತ್ತಾಯ್ತು ರೀ, ಫೈಲಲ್ಲಿ ಎಷ್ಟು ಅಂತ ಬರೀಲಿ?' ನಿಯಮ ನಿಯಮವೇ, ಮೂರು ಕೊಟೇಶನ್ ಬೇಕೇ ಬೇಕು. ಸರಿ ಅಂತ ಕೂತು, ಇಂಥದ್ದೇ ಇನ್ನೆರಡು ಲೈಬ್ರರಿ ಸೇರಿಸಿ ಟೈಪ್ ಮಾಡಿದೆ. ವಿಸ್-ನೆಟ್‌ವರ್ಕ್, ಮೂಲ ನೆದರ್‌ಲೆಂಡ್ಸಿನ ಅಲ್ಮೆಂಡೆ ಕಂಪನಿ, ಸೊನ್ನೆ ರೂಪಾಯಿ. ಸೈಟೋಸ್ಕೇಪ್ ಜೆಎಸ್, ಟೊರಾಂಟೊ ವಿಶ್ವವಿದ್ಯಾಲಯ, ಸೊನ್ನೆ ರೂಪಾಯಿ. ಸಿಗ್ಮಾ ಜೆಎಸ್, ಪ್ಯಾರಿಸ್, ಸೊನ್ನೆ ರೂಪಾಯಿ. ಲೆಕ್ಕಪತ್ರದವರು ಮೂರನ್ನೂ ಪಕ್ಕಪಕ್ಕ ಇಟ್ಟುಕೊಂಡು ಕನ್ನಡಕ ಸರಿಮಾಡಿಕೊಂಡರು. 'ಮೂವರದ್ದೂ ಒಂದೇ ರೇಟು. ಒಳಗೊಳಗೇ ಮಾತಾಡಿಕೊಂಡಿದ್ದಾರೆ ಇವರು.' ಒಬ್ಬರನ್ನಾದರೂ ಚೌಕಾಸಿಗೆ ಕರೆಯಿರಿ ಅಂತ ಟಿಪ್ಪಣಿ ಬರೆದರು. ಸೊನ್ನೆಯಿಂದ ಎಷ್ಟು ಇಳಿಸಬೇಕು ಅಂತ ಬರೆಯಲಿಲ್ಲ.

ಇನ್ನೊಂದು ಆಕ್ಷೇಪಣೆಯೂ ಬಂತು. ಮೊದಲು ಇದ್ದದ್ದು ವಿಸ್ ಜೆಎಸ್ ಅನ್ನೋ ಒಂದೇ ಲೈಬ್ರರಿ. 2019ರಲ್ಲಿ ಅದನ್ನು ನಿಲ್ಲಿಸಿ, ಜಾಲಕ್ಕೊಂದು, ಟೈಮ್‌ಲೈನಿಗೊಂದು ಅಂತ ಬೇರೆ ಬೇರೆ ತುಂಡು ಮಾಡಿ ಸಮುದಾಯದವರು ನೋಡಿಕೊಳ್ಳತೊಡಗಿದರು. ಸತ್ಯ ಹೇಳಿದ್ದೇ ತಪ್ಪಾಯಿತು. 'ಹಂಗಾದ್ರೆ ಪಾಲಾದ ಮನೆ. ವಿಭಾಗ ಪತ್ರ ಇದೆಯಾ?'

ಅಂತೂ ಡೆಮೊ ದಿನ ಬಂತು. ಗೋಡಂಬಿ ಬಂತು, ಕಾಫಿ ಬಂತು, ದೊಡ್ಡ ಸಾಹೇಬರೂ ಬಂದರು. ಪರದೆ ಮೇಲೆ ನಲವತ್ತಮೂರು ಚುಕ್ಕೆಗಳು ನಡುಗುತ್ತಾ ಹರಡಿಕೊಂಡವು. ಸಾಹೇಬರು ಚಪ್ಪಾಳೆ ತಟ್ಟಿದರು, ಹಾಗಾಗಿ ಎಲ್ಲರೂ ತಟ್ಟಿದರು. 'ಇದಕ್ಕೆ ನೋಡ್ ಅಂತಾರೆ ಸರ್' ಅಂದೆ. 'ನೋಡ್ತಾನೇ ಇದೀನಲ್ರೀ' ಅಂದರು.

ಈ ನಡುಕದ ಹಿಂದೆ ಒಂದು ಕತೆ ಇದೆ. ಜಾಶ್ ಬಾರ್ನ್ಸ್, ಪೀಟ್ ಹಟ್ ಎಂಬ ಇಬ್ಬರು ಖಗೋಳ ವಿಜ್ಞಾನಿಗಳು 1986ರಲ್ಲಿ ಒಂದು ಲೆಕ್ಕ ಕೊಟ್ಟರು. ಲಕ್ಷಾಂತರ ನಕ್ಷತ್ರಗಳು ಒಂದನ್ನೊಂದು ಹೇಗೆ ಸೆಳೆಯುತ್ತವೆ ಅಂತ ಬೇಗ ಕಂಡುಹಿಡಿಯುವ ಉಪಾಯ ಅದು. ದೂರದ ನಕ್ಷತ್ರಗಳನ್ನು ಒಂದೊಂದಾಗಿ ಎಣಿಸಬೇಡಿ, ಗುಂಪಾಗಿ ಹಿಡಿಯಿರಿ ಅಂದರು. ಅದೇ ಲೆಕ್ಕವನ್ನು ಈ ಲೈಬ್ರರಿ ತಿರುಗುಮುರುಗು ಮಾಡಿ ಬಳಸುತ್ತದೆ. ಗುರುತ್ವದ ಅಂಕಿ ಮೈನಸ್ 2000. ಅಂದರೆ ಚುಕ್ಕೆಗಳು ಒಂದನ್ನೊಂದು ತಳ್ಳುತ್ತವೆ, ಗೆರೆಗಳು ಮಾತ್ರ ಸ್ಪ್ರಿಂಗಿನ ಹಾಗೆ ಹಿಡಿದಿಟ್ಟುಕೊಳ್ಳುತ್ತವೆ. ಆಕಾಶಗಂಗೆಗೆ ಮಾಡಿದ ಗಣಿತವನ್ನು ನಾನು ಕೇಸ್ ವರ್ಕರ್ ಪಕ್ಕ ಯಾರು ಕೂರಬೇಕು ಅನ್ನೋದಕ್ಕೆ ಹಚ್ಚಿದ್ದೆ. ಕಚೇರಿಗೆ ಇಷ್ಟು ಚೆನ್ನಾಗಿ ಹೊಂದುತ್ತದೆ ಅಂತ ಅವರಿಬ್ಬರಿಗೂ ಹೊಳೆದಿರಲಿಕ್ಕಿಲ್ಲ.

'ಇನ್ನೊಂದ್ಸಲ ತೋರಿಸಿ' ಅಂದರು ಸಾಹೇಬರು. ರಿಫ್ರೆಶ್ ಒತ್ತಿದೆ. ಈ ಲೈಬ್ರರಿಯಲ್ಲಿ ಬೇರೆ ಏನೂ ಹೇಳದಿದ್ದರೆ ಚುಕ್ಕೆಗಳು ಮನಸ್ಸಿಗೆ ಬಂದ ಜಾಗದಿಂದ ಶುರುವಾಗುತ್ತವೆ, ಹಾಗಾಗಿ ಪ್ರತಿ ಸಲವೂ ಚಿತ್ರ ಬೇರೆ. ಮೊದಲ ಸಲ ನಡುಮಧ್ಯೆ ಇದ್ದ ಸಾಹೇಬರು ಈಗ ಕೆಳಗೆ ಎಡಮೂಲೆಯಲ್ಲಿದ್ದರು. ಕೋಣೆ ತಣ್ಣಗಾಯಿತು. 'ನನ್ನನ್ನ ಯಾರ್ರೀ ಟ್ರಾನ್ಸ್‌ಫರ್ ಮಾಡಿದ್ದು?' ಅದಕ್ಕೂ ಮದ್ದಿದೆ, ರ‍್ಯಾಂಡಮ್ ಸೀಡ್ ಅಂತ ಒಂದು ಅಂಕಿ ಕೊಟ್ಟುಬಿಟ್ಟರೆ ಪ್ರತಿ ಸಲವೂ ಅವರವರ ಜಾಗ ಅವರಿಗೇ. ಸಾಹೇಬರು ಜ್ಯೋತಿಷಿಗೆ ಫೋನ್ ಮಾಡಿ ಕೇಳಿ 9 ಅಂದರು.

ಆಮೇಲೆ ತೂಕದ ವಿಷಯ. ಸಾಹೇಬರ ಚುಕ್ಕೆಗೂ ಅಟೆಂಡರ್ ಚುಕ್ಕೆಗೂ ಒಂದೇ ತೂಕ ಇಟ್ಟಿದ್ದು ನನ್ನದೇ ತಪ್ಪು. ಪಿಎ ಕಣ್ಣಲ್ಲೇ ಗದರಿಸಿದರು. ಸಾಹೇಬರ ಮಾಸ್ ಅನ್ನೋ ಅಂಕಿಯನ್ನು 1ರಿಂದ 20ಕ್ಕೆ ಏರಿಸಿದೆ. ಗುರುತ್ವ ಉಲ್ಟಾ ಇರುವುದರಿಂದ ಇಲ್ಲಿ ತೂಕ ಜಾಸ್ತಿಯಾದಷ್ಟೂ ತಳ್ಳುವ ಬಲ ಜಾಸ್ತಿ. ಕ್ಷಣದಲ್ಲಿ ಉಳಿದ ನಲವತ್ತೆರಡು ಚುಕ್ಕೆಗಳೂ ಸಾಹೇಬರಿಂದ ಓಡಿ ಪರದೆಯ ಅಂಚಿಗೆ ಒತ್ತಿಕೊಂಡವು. ನಡುವೆ ಖಾಲಿ ಬಯಲು, ಬಯಲಲ್ಲಿ ಸಾಹೇಬರೊಬ್ಬರೇ. ಬಗ್ ಅಂತ ಕ್ಷಮೆ ಕೇಳೋಕೆ ಬಾಯಿ ತೆರೆದೆ. ಅಷ್ಟರಲ್ಲಿ ಸಾಹೇಬರು ಅಂದರು, 'ಇದು ಕರೆಕ್ಟಾಗಿದೆ.'

ಜಾಲದಲ್ಲಿ ಕಂಟ್ರಾಕ್ಟರಿಗೂ ಒಂದು ಚುಕ್ಕೆ ಇತ್ತು. ಅದರ ವಿಷಯ ಪಿಎ ನನ್ನನ್ನು ಕಾರಿಡಾರಿಗೆ ಕರೆದು ಹೇಳಿದರು. 'ಆ ಚುಕ್ಕೆ ಜನಕ್ಕೆ ಕಾಣೋದು ಬೇಡ.' ಸರಿ, ಹಿಡನ್ ಅಂತ ಒಂದು ಆಯ್ಕೆ ಇದೆ, ಅದನ್ನು ಹಾಕಿದೆ. ಚುಕ್ಕೆ ಮಾಯವಾಯಿತು. ಆದರೆ ಬಚ್ಚಿಟ್ಟ ಚುಕ್ಕೆಯೂ ಲೆಕ್ಕದಲ್ಲಿ ಇದ್ದೇ ಇರುತ್ತದೆ ಅಂತ ಲೈಬ್ರರಿಯ ಕೈಪಿಡಿಯಲ್ಲೇ ಬರೆದಿದೆ. ಹಾಗಾಗಿ ಇಬ್ಬರು ಎಂಜಿನಿಯರುಗಳು ಖಾಲಿ ಜಾಗದ ಸುತ್ತ ಅಂಟಿಕೊಂಡೇ ನಿಂತರು. ಇಬ್ಬರಲ್ಲಿ ಯಾರನ್ನು ಎಳೆದು ಬಿಟ್ಟರೂ ವಾಪಸ್ ಅಲ್ಲಿಗೇ. ಏನಿದೆ ಅಲ್ಲಿ ಅಂತ ಯಾರೂ ಕೇಳಲಿಲ್ಲ. ಎಲ್ಲರಿಗೂ ಗೊತ್ತಿತ್ತು.

ಅಂದ ಹಾಗೆ, ಬೀದಿದೀಪ. ಅದರ ಬಾಣ ಹಿಡಿದು ಹೋದೆ. ದೀಪ ನಮ್ಮದು, ಕಂಬ ಅವರದ್ದು ಅಂತ ಒಬ್ಬರು. ಕಂಬ ನಮ್ಮದೇ, ಕೊಂಬೆ ತಾಗಿದೆ, ಮರದವರನ್ನು ಕೇಳಿ ಅಂತ ಇನ್ನೊಬ್ಬರು. ಮರದವರು ರಸ್ತೆಯವರ ಕಡೆ, ರಸ್ತೆಯವರು ಮತ್ತೆ ದೀಪದವರ ಕಡೆ. ಸುತ್ತು ಪೂರ್ತಿ. ನೆಟ್ಟಗೆ ಮೇಲಿಂದ ಕೆಳಕ್ಕೆ ಜೋಡಿಸುವ ಹೈರಾರ್ಕಿಕಲ್ ಲೇಔಟ್ ಹಾಕಿ ನೋಡಿದೆ. ಬಳೆಗೆ ಮೇಲು ಯಾವುದು, ಕೆಳಗು ಯಾವುದು? ನಾಲ್ವರಲ್ಲಿ ಯಾರನ್ನು ತಲೆ ಮೇಲೆ ಕೂರಿಸಿದರೂ ಒಂದು ಬಾಣ ಕೆಳಗಿನಿಂದ ಅವರನ್ನೇ ಬಂದು ಚುಚ್ಚುತ್ತಿತ್ತು. ಸಭೆಯಲ್ಲಿ ಇದನ್ನು ತೋರಿಸಿದಾಗ ಒಬ್ಬರು ತುಂಬಾ ಮೆಚ್ಚಿಕೊಂಡು 'ಡಿಸೈನ್ ಗುಂಡಗೆ ಚೆನ್ನಾಗಿ ಬಂದಿದೆ' ಅಂದರು.

ಕೊನೆಗೆ ತೀರ್ಮಾನವಾಯಿತು. ಕಚೇರಿಯಲ್ಲಿ ಇಂಟರ್ನೆಟ್ ಸರಿಯಿಲ್ಲ, ಜನರು ಚುಕ್ಕೆಗಳನ್ನು ಎಳೆದಾಡಿದರೆ ಅಧಿಕಾರಿಗಳ ಘನತೆಗೂ ಕುಂದು. ಆದ್ದರಿಂದ ಇಡೀ ಜಾಲವನ್ನು ಎಂಟಡಿ ಆರಡಿಯ ಫ್ಲೆಕ್ಸಿನಲ್ಲಿ ಪ್ರಿಂಟ್ ಹಾಕಿಸಿ ಬಾಗಿಲ ಪಕ್ಕ ಕಟ್ಟಿದರು. ಮೇಲೆ ದಪ್ಪ ಅಕ್ಷರದಲ್ಲಿ 'ಇಂಟರ್‌ಆ್ಯಕ್ಟಿವ್ ಮಾಹಿತಿ ಜಾಲ'. ನಡುವಿನ ಬಯಲಲ್ಲಿ ಸಾಹೇಬರ ಕೈಮುಗಿದ ಫೋಟೊ. ಫ್ಲೆಕ್ಸಿಗೆ ಮಾತ್ರ ದುಡ್ಡಾಯಿತು, ಮೂರು ಕೊಟೇಶನ್ನೂ ಬೇರೆ ಬೇರೆ ರೇಟಿಗೆ ಬಂದವು. ಲೆಕ್ಕಪತ್ರದವರ ಮುಖದಲ್ಲಿ ಅವತ್ತು ಮೊದಲ ಸಲ ನಗು ನೋಡಿದೆ.

ಹೋದ ವಾರ ಬಿಲ್ ಕೇಳೋಕೆ ಹೋದಾಗ ಒಬ್ಬ ಅಜ್ಜ ಫ್ಲೆಕ್ಸ್ ಮುಂದೆ ನಿಂತಿದ್ದರು. ಅವರ ಬೀದಿಯಲ್ಲಿ ದೀಪ ಇಲ್ಲ. ಬೆರಳನ್ನು ಫ್ಲೆಕ್ಸ್ ಮೇಲಿಟ್ಟು ಬಾಣದ ಹಿಂದೆಯೇ ಹೋದರು, ದೀಪ, ಕಂಬ, ಮರ, ರಸ್ತೆ, ಮತ್ತೆ ದೀಪ. ಮೂರು ಸುತ್ತು ಹಾಕಿದರು. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು. 'ಮಗಾ, ಇದರಲ್ಲಿ ಕೂತ್ಕೊಳ್ಳೋಕೆ ಬೆಂಚು ಎಲ್ಲಿ ತೋರಿಸಿದ್ದಾರೆ?'